ನಾನು ಓದಿ ಹೇಳಿದ ಕಾಗದಗಳು

ನಾನು ಮೇಜಿನ ಎಡತುದಿಯ ಹತ್ತಿರ ನಿಂತಿದ್ದೆ. ಸರೋಜಕ್ಕ ನನ್ನ ಬಲಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ಕುಂದಲಹಳ್ಳಿ ದಾಟಿ ವೈಟ್‌ಫೀಲ್ಡಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಹಿಂದಿನ ವರ್ಷದವರೆಗೆ ನಮ್ಮ ರಾಗಿ ಹೊಲವಾಗಿದ್ದ ಜಾಗದಲ್ಲಿ, ಕಾರ್ಖಾನೆಯವರು ಎಬ್ಬಿಸಿದ್ದ ತಗಡಿನ ಶೆಡ್ಡು ಅದು. ಮೇಜಿನ ಆಚೆ ಇಬ್ಬರು ಸಾಹೇಬರು ಕುಳಿತಿದ್ದರು. ಕಿಟಕಿಯ ಕೆಳಗೆ, ಟೈಪ್‌ರೈಟರಿನ ಮುಂದೆ, ಫ್ಲೋರಾ ಎಂಬ ಹೆಂಗಸು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಅವರೆಕಾಯಿ ಕಾಲ ಮುಗಿಯುತ್ತ ಬಂದಿತ್ತು. ನನಗೆ ಹದಿನಾರು ತುಂಬಿ ನಾಲ್ಕು ತಿಂಗಳಾಗಿತ್ತು, ಅಕ್ಕನಿಗೆ ಹತ್ತೊಂಬತ್ತು.

ಯಾರು ಎಲ್ಲಿದ್ದರು ಎಂಬುದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆಮೇಲಿನ ವರ್ಷಗಳಲ್ಲಿ ನಾನು ಈ ನೆನಪನ್ನು ನನ್ನೊಳಗೇ ಹಲವು ಸಲ ತಿದ್ದಿಕೊಂಡಿದ್ದೇನೆ. ಕೆಲವೊಮ್ಮೆ ಅಪ್ಪನನ್ನು ತಂದು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದ್ದೇನೆ, ಅವನ ಹೆದರಿಕೆಗೆ ಹಾಗೆ ಹೇಳಿಬಿಟ್ಟೆ ಎಂದುಕೊಳ್ಳಲು ಅನುಕೂಲವಾಗಲಿ ಎಂದು. ಅಪ್ಪ ಅಲ್ಲಿರಲಿಲ್ಲ. ಅವನು ಅವತ್ತು ಎತ್ತಿಗೆ ಲಾಳ ಕಟ್ಟಿಸಲು ಹೋಗಿದ್ದ. ಹೋಗುವ ಮುಂಚೆ ಅಕ್ಕನಿಗೆ, ಹೊಸ ಸೀರೆ ಉಟ್ಕೊಂಡು ಹೋಗು ಎಂದು ಹೇಳಿ ಹೋಗಿದ್ದ.

ನಮ್ಮದು ಉದ್ದನೆಯ ಹೆಂಚಿನ ಮನೆ. ಜಗಲಿ, ನಡುಮನೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಬಲಗಡೆ ದನದ ಕೊಟ್ಟಿಗೆ. ನಡುಮನೆಯ ಕಂಬದಲ್ಲಿ ಕಾಗದ ಚುಚ್ಚಿಡುವ ಎರಡು ಕೊಕ್ಕೆತಂತಿಗಳು ನೇತಾಡುತ್ತಿದ್ದವು. ಒಂದು ಸರೋಜಕ್ಕನದು, ಇನ್ನೊಂದು ನನ್ನದು. ಅವಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು. ನನ್ನನ್ನು ಅಪ್ಪ ವೈಟ್‌ಫೀಲ್ಡಿನ ಇಂಗ್ಲಿಷ್ ಶಾಲೆಗೆ ಹಾಕಿದ್ದ. ಹೀಗೆ ಹಂಚಿದ್ದು ಯಾರಿಗೂ ಅನ್ಯಾಯ ಅನಿಸಿರಲಿಲ್ಲ. ಗಂಡುಮಗುವಿಗೆ ಹೊರಗಿನ ಭಾಷೆ, ಹೆಣ್ಣುಮಗುವಿಗೆ ಮನೆಯ ಭಾಷೆ ಎಂಬುದು ಗಂಡಸರಿಗೆ ಜಗಲಿ, ಹೆಂಗಸರಿಗೆ ಒಲೆ ಎನ್ನುವಷ್ಟೇ ಸಹಜವಾಗಿತ್ತು. ಕನ್ನಡದ ಕಾಗದ ಬಂದರೆ ಅಕ್ಕ ಓದಿ ಅವಳ ಕೊಕ್ಕೆಗೆ ಚುಚ್ಚುತ್ತಿದ್ದಳು. ಇಂಗ್ಲಿಷಿನದಾದರೆ ನಾನು ಓದಿ ಹೇಳಿ ನನ್ನದಕ್ಕೆ. ಒಬ್ಬರ ಕೊಕ್ಕೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಮೊದಮೊದಲು ಅವಳ ಕೊಕ್ಕೆಯೇ ತುಂಬಿರುತ್ತಿತ್ತು. ಮದುವೆಯ ಕರೆಯೋಲೆ, ಅವ್ವನ ತವರಿನ ಸುದ್ದಿ, ಪಟ್ಟಣದಲ್ಲಿ ಕೂಲಿಗೆ ಹೋದ ಗಂಡಂದಿರು ಬರೆದ ಕಾರ್ಡುಗಳು. ಊರಿನ ಅರ್ಧ ಹೆಂಗಸರು ಸಂಜೆ ನಮ್ಮ ನಡುಮನೆಗೆ ಬರುತ್ತಿದ್ದರು. ಅವರೆ ಕಾಲದಲ್ಲಂತೂ ನೆನೆಸಿದ ಕಾಳಿನ ಬೇಸಿನ್ನು ನಡುವೆ ಇಟ್ಟುಕೊಂಡು ಸುತ್ತ ಕುಳಿತು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಕಾಳು ಹಿದುಕುತ್ತಿದ್ದರು. ಅಕ್ಕ ಒಬ್ಬಳಿಗೆ ಕೈಕೆಲಸದಿಂದ ಬಿಡುವು. ಅವಳು ಗೋಡೆಗೆ ಒರಗಿ ವಾರಪತ್ರಿಕೆಯ ಧಾರಾವಾಹಿ ಓದಬೇಕು. ಅತ್ತೆಯಂಥ ಅತ್ತೆಯಂದಿರೂ ಅವಳು ಪುಟ ತಿರುವುವವರೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಯಾರದಾದರೂ ಗಂಡನ ಕಾರ್ಡು ಬಂದರೆ ಅಕ್ಕ ಕೆಲವು ಸಾಲುಗಳನ್ನು ಜೋರಾಗಿ ಓದಿ, ಉಳಿದದ್ದನ್ನು ಆ ಹೆಂಗಸಿನ ಕಿವಿಯಲ್ಲಿ ಹೇಳುತ್ತಿದ್ದಳು. ಅವಳು ಒಂದು ಮಾತನ್ನೂ ಕೂಡಿಸಿ ಹೇಳಿದ್ದಿಲ್ಲ, ಕಳೆದು ಹೇಳಿದ್ದಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಆಮೇಲೆ ನಮ್ಮ ಕಡೆ ಕಾರ್ಖಾನೆಗಳು ಬಂದವು. ಹೊಲದ ನೋಟೀಸು, ಸರ್ವೆಯ ನಕಾಶೆ, ಹಾಜರಾಗಬೇಕೆಂಬ ಕರೆ, ಎಲ್ಲವೂ ಇಂಗ್ಲಿಷಿನಲ್ಲಿ. ಅದೇ ಹೆಂಗಸರು ಈಗ ಸೆರಗಿನಲ್ಲಿ ಕಾಗದ ಮುಚ್ಚಿಕೊಂಡು ಬಂದು ಅಕ್ಕನನ್ನು ದಾಟಿ ನನ್ನ ಮುಂದೆ ನಿಲ್ಲತೊಡಗಿದರು. ನಾನು ಹದಿನಾಲ್ಕರ ಹುಡುಗ. ಅವರು ನನ್ನನ್ನು ಅಪ್ಪಾ, ಸಾಮಿ ಎನ್ನುತ್ತಿದ್ದರು. ಅವ್ವ ನನಗೆ ದಿನಾ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ ಕೊಡಲು ಶುರು ಮಾಡಿದಳು. ಅಕ್ಕನ ತಟ್ಟೆಗೆ ರಾತ್ರಿಯ ಮುದ್ದೆ, ಮಜ್ಜಿಗೆ.

"ಅವನಿಗೊಬ್ಬನಿಗೇ ಯಾಕವ್ವ ಮೊಟ್ಟೆ?" ಎಂದು ಅಕ್ಕ ಒಂದು ದಿನ ಕೇಳಿದಳು.

"ಇಂಗ್ಲೀಷ್ ಓದೋಕೆ ಬುದ್ಧಿ ಜಾಸ್ತಿ ಬೇಕು ಕಣೆ."

"ಅಂಗಾರೆ ಕೋಳಿ ಯಾಕೆ ಇಂಗ್ಲೀಷ್ ಮಾತಾಡಲ್ಲ?"

ಅವ್ವ ಸೌಟು ಎತ್ತಿದಳು. ಅಪ್ಪ ನಕ್ಕುಬಿಟ್ಟ. ನಾನೂ ನಗುತ್ತ ಮೊಟ್ಟೆಯನ್ನು ಪೂರ್ತಿ ತಿಂದೆ.

ಈಗ ಮಾರ್ಕ್ಸ್ ಕಾರ್ಡಿನ ವಿಷಯ ಹೇಳಬೇಕು, ಏಕೆಂದರೆ ಮೊದಲ ತಪ್ಪು ಅಲ್ಲಿ ಆಯಿತು. ಎಸ್ಸೆಸ್ಸೆಲ್ಸಿಯನ್ನು ಹೇಗೋ ದಾಟಿ ಪಿಯುಸಿಗೆ ಸೇರಿದ ಮೇಲೆ ನನಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಇಂಗ್ಲಿಷ್ ಮಾತಾಡಲು ಬರುತ್ತಿತ್ತು, ಅಷ್ಟೆ. ಗಣಿತ, ಭೌತಶಾಸ್ತ್ರಗಳು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ತಿಳಿಯುವಂಥವಾಗಿರಲಿಲ್ಲ. ಅರ್ಧವಾರ್ಷಿಕದ ಕಾರ್ಡಿನಲ್ಲಿ ಮೂರು ಕಾಲಂಗಳಿದ್ದವು: ಪಾಸಾಗಲು ಬೇಕಾದದ್ದು, ವಿದ್ಯಾರ್ಥಿ ಪಡೆದದ್ದು, ತರಗತಿಯಲ್ಲೇ ಹೆಚ್ಚಿನದು. ಅಪ್ಪನಿಗೆ ಅಂಕಿ ಗೊತ್ತಿದ್ದವು, ಕಾಲಂಗಳ ತಲೆಬರಹ ಗೊತ್ತಿರಲಿಲ್ಲ. ನಾನು ಮೂರನೆಯ ಕಾಲಂ ಮೇಲೆ ಬೆರಳಿಟ್ಟು, ಇದು ನಂದು ಎಂದೆ. ಅಪ್ಪ ಕಾರ್ಡನ್ನು ಕಣ್ಣಿಗೊತ್ತಿಕೊಂಡ. ನಾನು ಅದನ್ನು ನನ್ನ ಕೊಕ್ಕೆಗೆ ಚುಚ್ಚಿದೆ. ಇಷ್ಟು ಸುಲಭ ಎಂದು ನನಗೆ ಅವತ್ತು ತಿಳಿಯಿತು.

ಕಾರ್ಖಾನೆಯ ಕಾಗದ ಬಂದದ್ದು ಆ ತಿಂಗಳೇ. ಸಂಜೆ. ಬೇಸಿನ್ನಿನ ಸುತ್ತ ಅವ್ವ, ಅಕ್ಕ ಇಬ್ಬರೇ. ಆ ಹೊತ್ತಿಗೆ ಬೇರೆ ಹೆಂಗಸರು ಬರುವುದು ಕಡಿಮೆಯಾಗಿತ್ತು. ಅಕ್ಕನೂ ಕಾಳು ಹಿದುಕುತ್ತಿದ್ದಳು.

"ಏನಂತೆ, ಓದ್ಲಾ," ಎಂದ ಅಪ್ಪ.

ಹೊಲ ಹೋದ ಮನೆಗೊಬ್ಬರಿಗೆ ಕೆಲಸ ಕೊಡುತ್ತಾರೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಹದಿನೆಂಟು ತುಂಬಿರಬೇಕು ಎಂದು ಓದಿದೆ.

"ಗಂಡಸಿಗೆ ತಾನೆ?"

"ಗಂಡಸು ಇಲ್ಲಾ ಹೆಂಗಸು ಅಂತ ಐತೆ. ಹೆಂಗಸರಿಗೆ ಅಂತಾನೇ ಒಂದು ವಿಭಾಗ ಮಾಡ್ತಾರಂತೆ. ಸಣ್ಣಸಣ್ಣ ಸಾಮಾನು ಜೋಡಿಸೋ ಕೆಲಸ."

ಅಕ್ಕನ ಬೆರಳು ನಿಂತಿತು. ಹಿದುಕಿದ ಕಾಳೊಂದು ಬೇಸಿನ್ನಿನಿಂದಾಚೆ ಹಾರಿ ಬಿದ್ದು ಕಂಬದವರೆಗೆ ಉರುಳಿತು. ಅಲ್ಲಿಯವರೆಗೆ ನಾನು ಇದ್ದದ್ದನ್ನು ಇದ್ದಂತೆ ಓದಿದ್ದೆ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮನೆಯಲ್ಲಿ ಅರ್ಹರು ಯಾರೂ ಇಲ್ಲದಿದ್ದರೆ, ಅಥವಾ ಇದ್ದವರು ಬೇಡವೆಂದು ಬರೆದುಕೊಟ್ಟರೆ, ಅಪ್ರಾಪ್ತ ವಯಸ್ಸಿನ ಮಗನ ಹೆಸರಿನಲ್ಲಿ ಆ ಜಾಗವನ್ನು ಕಾದಿಡಲಾಗುವುದು. ಅದನ್ನು ನಾನು ಮನಸ್ಸಿನಲ್ಲಿ ಓದಿಕೊಂಡೆ. ಜೋರಾಗಿ ಓದಲಿಲ್ಲ.

ಮನೆಯಲ್ಲಿ ಮೂರು ದಿನ ಜಗಳ ನಡೆಯಿತು. ವಯಸ್ಸಿಗೆ ಬಂದ ಹುಡುಗಿಯನ್ನು ಕಳಿಸಿದರೆ ನಾಳೆ ಸಂಬಂಧ ಯಾರು ತರುತ್ತಾರೆ ಎಂದು ಅಪ್ಪ. ಅವ್ವ ಕೋಲಾರದ ಕಡೆಯವಳು. ಪೂರ್ತಿ ಸಿಟ್ಟು ಬಂದಾಗ ಮಾತ್ರ ಅವಳಿಗೆ ತೆಲುಗು ಬರುತ್ತಿತ್ತು. ಮೂರನೆಯ ದಿನ ಊಟಕ್ಕೆ ಕುಳಿತ ಅಪ್ಪನ ತಟ್ಟೆಗೆ ಮುದ್ದೆ ಇಟ್ಟು, ಸಾರು ಹಾಕದೆ ನಿಂತುಕೊಂಡು, "ನಾ ಬಿಡ್ಡ ಪೋತುಂದಿ, ಅಂತೇ," ಎಂದಳು. ನನ್ನ ಮಗಳು ಹೋಗುತ್ತಾಳೆ, ಅಷ್ಟೆ. ಅಪ್ಪ ಬಿಳಿ ಆವಿ ಏಳುತ್ತಿದ್ದ ಮುದ್ದೆಯನ್ನು ನೋಡಿದ, ಅವ್ವನ ಕೈಯಲ್ಲಿದ್ದ ಸೌಟನ್ನು ನೋಡಿದ.

"ಹೊಲ ನುಂಗವ್ರೆ. ಅದೇ ಹೊಲ್ದಾಗೆ ಅವ್ಳು ಕೂತ್ಕೊಂಡು ಸಂಬ್ಳ ಎಣಿಸ್ಲಿ ಬಿಡು. ಸಾರು ಹಾಕು," ಎಂದ.

ಹೀಗಾಗಿ ಅಪ್ಪ ಒಪ್ಪಿದ್ದ. ಅವ್ವ ಗೆದ್ದಿದ್ದಳು. ನಮ್ಮ ಕಾಲದ ಹೆಣ್ಣುಮಕ್ಕಳ ಕತೆಗಳಲ್ಲಿ ಅಡ್ಡ ನಿಲ್ಲುವವರು ಯಾರೋ ಅವರಿಬ್ಬರೂ ದಾರಿ ಬಿಟ್ಟಿದ್ದರು. ಉಳಿದವನು ನಾನು.

ಸಂದರ್ಶನಕ್ಕೆ ಹನ್ನೆರಡು ದಿನವಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕನಿಗೂ ಇಂಗ್ಲಿಷ್ ಒಂದು ವಿಷಯವಾಗಿತ್ತು. ಉತ್ತರಗಳನ್ನು ಉರು ಹೊಡೆದು ಬರೆದು ಪಾಸಾಗಿದ್ದಳು. ಅಕ್ಷರ ಗೊತ್ತಿತ್ತು, ಬಿಡಿ ಪದಗಳು ಗೊತ್ತಿದ್ದವು, ಯಾರಾದರೂ ಆಡಿದರೆ ತಿಳಿಯುತ್ತಿರಲಿಲ್ಲ. ಒಂದು ವಾಕ್ಯವಾದರೂ ಕಲಿಸಿಕೊಡು ಎಂದು ನನ್ನ ಬೆನ್ನು ಬಿದ್ದಳು. ನಾನು ಕಲಿಸಿದೆ. "ಐ ವಿಲ್ ವರ್ಕ್ ಹಾರ್ಡ್, ಸರ್." ಅವಳು ಸಗಣಿ ಬಾಚುವಾಗ, ರೊಟ್ಟಿ ತಟ್ಟುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಒಂದು ಸಲ ಕೊಟ್ಟಿಗೆಯಲ್ಲಿ ಎಮ್ಮೆಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಅದು ತಲೆ ಅಲ್ಲಾಡಿಸಿತು, ಕೆಲಸ ಸಿಕ್ಕಂಗೇ ಎಂದು ಅವಳು ಅವ್ವನಿಗೆ ಕೂಗಿ ಹೇಳಿದಳು. ನಾನು ಆ ಹನ್ನೆರಡು ದಿನವೂ ವಾರ್ಷಿಕ ಪರೀಕ್ಷೆಯ ಯೋಚನೆಯಲ್ಲಿದ್ದೆ. ಅದರ ಫಲಿತಾಂಶ ಎಲ್ಲರಿಗೂ ತಿಳಿಯುವಂಥದು, ಬೆರಳಿಟ್ಟು ಮರೆಮಾಚಲಾಗದು. ನನಗೆ ನಿಲ್ಲಲು ಒಂದು ಜಾಗ ಬೇಕಾಗಿತ್ತು.

ದೊಡ್ಡ ಸಾಹೇಬರು ಹೊರರಾಜ್ಯದವರು. ಒರಟರಲ್ಲ. ಅಕ್ಕನಿಗೆ ಕುಳಿತುಕೊಳ್ಳಲು ಹೇಳಿದರು. ಅವಳು ಕುಳಿತುಕೊಳ್ಳಲಿಲ್ಲ. ಅವಳ ಸರ್ಟಿಫಿಕೇಟು ನೋಡಿ, ಕನ್ನಡದಲ್ಲಿ ಇಷ್ಟೊಂದು ಅಂಕವೇ ಎಂದು ಪಕ್ಕದವರಿಗೆ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: ಈಕೆಗೆ ಕೆಲಸಕ್ಕೆ ಸೇರುವ ಮನಸ್ಸಿದೆಯೆ? ಪಾಳಿಯಲ್ಲಿ ಬರಬೇಕಾಗುತ್ತದೆ. ಆಕೆಯನ್ನೇ ಕೇಳಿ ಹೇಳು.

ನಾನು ಅವಳನ್ನು ಕೇಳಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ. "ಶಿ ವಿಶಸ್ ಟು ಡಿಕ್ಲೈನ್, ಸರ್," ಎಂದೆ. ಡಿಕ್ಲೈನ್, ಅಂದರೆ ಬೇಡವೆನ್ನುವುದು, ಆ ಪದ ನಮ್ಮ ಕಾಲೇಜಿನ ಪಾಠದಲ್ಲಿ ಹಿಂದಿನ ವಾರ ಬಂದಿತ್ತು. ನೋ ಎಂದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಮದುವೆಯ ನೆಪ ಹೇಳೋಣವೆಂದರೆ ಆ ಇಂಗ್ಲಿಷ್ ಪದವೂ ಅವಳಿಗೆ ಗೊತ್ತಿತ್ತು. ಅವನ್ನೆಲ್ಲ ತಪ್ಪಿಸಿ, ಅವಳಿಗೆ ಗೊತ್ತಿರಲಾರದ ಪದವನ್ನೇ ಆರಿಸಿಕೊಂಡು ಹೇಳಿದೆ. ಇದು ಬಾಯಿತಪ್ಪಿ ಬಂದ ಮಾತಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು. ಆ ಜಾಗವನ್ನು ನನ್ನ ಹೆಸರಿಗೆ ಕಾದಿಡಬೇಕೆಂಬ ಮಾತನ್ನೂ ಸೇರಿಸಿದೆ.

ಟೈಪ್‌ರೈಟರಿನ ಸದ್ದು ನಿಂತಿತು. ಅಷ್ಟರಲ್ಲಿ ಸಾಹೇಬರು ತನ್ನ ಕಡೆ ನೋಡುತ್ತಿರುವುದನ್ನು ಕಂಡು, ತನ್ನ ಸರದಿ ಬಂತು ಎಂದುಕೊಂಡು, ಸರೋಜಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಕೈ ಕಟ್ಟಿಕೊಂಡು, ಒಂದೊಂದು ಪದವನ್ನೂ ಬಿಡಿಸಿ, "ಐ ವಿಲ್ ವರ್ಕ್ ಹಾರ್ಡ್, ಸರ್," ಎಂದಳು.

ಮತ್ತೆ ಹೀಗೇಕೆ ಹೇಳುತ್ತಿದ್ದಾಳೆ ಎಂದು ಸಾಹೇಬರು ನನ್ನನ್ನು ಕೇಳಿದರು. ನಾನು ಕಲಿಸಿದ್ದು, ಅವಳಿಗೆ ಗೊತ್ತಿರುವುದು ಅದೊಂದೇ ವಾಕ್ಯ, ಎಂದೆ. ಅದು ಸತ್ಯವಾಗಿತ್ತು. ಇಬ್ಬರು ಸಾಹೇಬರೂ ನಕ್ಕರು. ಕೆಟ್ಟ ನಗುವಲ್ಲ. ಅವರು ನಕ್ಕದ್ದನ್ನು ಕಂಡು, ಚೆನ್ನಾಗಿ ಆಯಿತೆಂದುಕೊಂಡು, ಅಕ್ಕನೂ ನಕ್ಕಳು. ಫ್ಲೋರಾ ನಗಲಿಲ್ಲ. ಬೇಡವೆಂದು ಬರೆದುಕೊಡುವ ಇಂಗ್ಲಿಷ್ ಫಾರಂ ಅನ್ನು ಟೈಪ್ ಮಾಡಿ ತಂದು ಮೇಜಿನ ಮೇಲಿಟ್ಟು, ಅಕ್ಕನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, ಸಾಹೇಬರ ಕಡೆ ನೋಡಿ ಟೈಪ್‌ರೈಟರಿನ ಹತ್ತಿರ ಹಿಂದಿರುಗಿದರು.

"ಎಲ್ಲಿ ರುಜು?" ಎಂದಳು ಅಕ್ಕ.

ನಾನು ಬೆರಳಿಟ್ಟು ತೋರಿಸಿದೆ. ದುಂಡಗೆ, ಒಂದೂ ಅಕ್ಷರ ಗೆರೆಯಿಂದ ಜಾರದಂತೆ, ಕನ್ನಡದಲ್ಲಿ ಅವಳು ತನ್ನ ಹೆಸರು ಬರೆದಳು.

ಮನೆಗೆ ಬರುವ ದಾರಿಯಲ್ಲಿ, ಕಡಿದು ಹಾಕಿದ್ದ ನಮ್ಮ ಹೊಂಗೆಮರದ ಬೊಡ್ಡೆಯ ಮೇಲೆ ಕುಳಿತು ಅವಳು ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆದುಕೊಂಡಳು.

"ಏನಂದ್ರೋ?"

"ಕಾಗದ ಬರೀತಾರಂತೆ."

"ಕನ್ನಡದಾಗೋ ಇಂಗ್ಲೀಷಾಗೋ?"

"ಇಂಗ್ಲೀಷಾಗೆ."

"ಅಂಗಾರೆ ನೀನೇ ಓದ್ಬೇಕು, ಇಂಗ್ಲೀಷ್ ದೊರೆ. ಮೊಟ್ಟೆ ತಿಂದಿದ್ದು ಸಾರ್ಥಕ ಆಯ್ತು ಬಿಡು," ಎಂದು ನನ್ನ ತಲೆಗೆ ಮೊಟಕಿದಳು.

ಒಂದು ತಿಂಗಳು ಅವಳು ದಿನಾ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಪೋಸ್ಟಿನವನಿಗೆ ಕಾದಳು. ಕೊನೆಗೆ ಕಾಗದ ಬಂತು. ನಾನು ನಡುಮನೆಯಲ್ಲಿ ನಿಂತು ಓದಿದೆ. ಅಕ್ಕನಿಗೆ ಕೆಲಸವಾಗಲಿಲ್ಲ, ನನ್ನ ಹೆಸರು ಬರೆದುಕೊಂಡಿದ್ದಾರೆ, ಹದಿನೆಂಟಾದ ಮೇಲೆ ಕರೆಯುತ್ತಾರೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾಕಂತೆ, ಯಾಕಂತೆ ಎಂದು ಅವ್ವ ಎರಡು ಸಲ ಕೇಳಿದಳು. ಆಗ ನಾನು ಹೇಳಿದೆ:

"ಅವಳ ಇಂಗ್ಲೀಷ್ ಸಾಲ್ದು ಅಂದವ್ರೆ."

ಕೆಲಸ ಕಿತ್ತುಕೊಂಡದ್ದಕ್ಕಿಂತ ಇದು ದೊಡ್ಡದು ಎಂದು ನನಗೆ ಈಗ ಅನಿಸುತ್ತದೆ. ಕೆಲಸ ಕಳೆದುಕೊಂಡವಳು ಇನ್ನೊಂದನ್ನು ಕೇಳಬಹುದಿತ್ತು. ಅಕ್ಕ ಮತ್ತೆ ಎಲ್ಲೂ ಕೇಳಲಿಲ್ಲ. ಆ ಸಂಜೆ ಕಂಬದಿಂದ ತನ್ನ ಕೊಕ್ಕೆಯನ್ನು ತೆಗೆದು, ಕಾಗದಗಳನ್ನೆಲ್ಲ ಬಿಚ್ಚಿ ಒಲೆಯ ಪಕ್ಕ ಇಟ್ಟು, ಬರಿಯ ತಂತಿಯನ್ನು ನನ್ನ ಕೈಗೆ ಕೊಟ್ಟಳು.

"ನೀನೇ ಇಟ್ಕೊ. ಇನ್ಮೇಲೆ ಬರೋದೆಲ್ಲ ನಿಂಗೇ."

ವಾರಪತ್ರಿಕೆ ತರಿಸುವುದು ನಿಂತಿತು. ಮರುವರ್ಷ ಅವಳ ಮದುವೆ ಬೊಮ್ಮನಹಳ್ಳಿಗೆ ಆಯಿತು. ನಾನು ಪಿಯುಸಿಯಲ್ಲಿ ಫೇಲಾದೆ, ಹದಿನೆಂಟು ತುಂಬಿದ ಮೇಲೆ ಅದೇ ಕಾರ್ಖಾನೆಗೆ ಸೇರಿದೆ. ಹುಡುಗನ ಅದೃಷ್ಟ ಎಂದರು. ಫ್ಲೋರಾ ಮಿಸ್ ನಮ್ಮ ಆಫೀಸಿನಲ್ಲೇ ಇದ್ದರು. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆಯವರು, ಸುತ್ತಲಿನ ಹಳ್ಳಿಯವರ ಜೊತೆ ಬೆಳೆದು ನಮ್ಮಷ್ಟೇ ಕನ್ನಡ ಬಲ್ಲವರು. ನನಗೆ ದಿನಾ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಕೆಲವು ವರ್ಷಗಳಲ್ಲಿ ಕನ್ನಡದ ಕೂಗು ಎದ್ದಿತು. ನಾನು ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿಯಾದೆ. ಗೇಟಿನಲ್ಲಿ ನಿಂತು ಘೋಷಣೆ ಕೂಗಿದೆ. ಅರ್ಜಿ ಫಾರಂಗಳು ಕನ್ನಡದಲ್ಲಿರಬೇಕು, ಸಂದರ್ಶನದಲ್ಲಿ ಕನ್ನಡ ಬಲ್ಲವರು ಇರಬೇಕು ಎಂದು ಮನವಿ ಬರೆದವನು ನಾನೇ. ನಮ್ಮ ಕಾರ್ಖಾನೆಯ ಮಟ್ಟಿಗೆ ಎರಡೂ ಆದವು. ಆ ವರ್ಷದ ರಾಜ್ಯೋತ್ಸವಕ್ಕೆ ಅಕ್ಕನನ್ನು ಕರೆದಿದ್ದೆ. ಅವಳು ಆಗ ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು, ಹೊಲಿದ ಅಂಗಿಗಳ ದಾರ ಕತ್ತರಿಸುತ್ತಿದ್ದಳು. ಯಾವ ಕಾಗದವನ್ನೂ ಕೇಳದೆ ಕೊಟ್ಟ ಕೆಲಸ ಅದು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ಮೈಕಿನಲ್ಲಿ, ತಾಯಿನುಡಿ ಬಲ್ಲ ಹೆಣ್ಣುಮಗಳಿಗೆ ಬಾಗಿಲು ಮುಚ್ಚಬಾರದು ಎಂದೆ. ಅವಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಕೇಸರಿಬಾತಿನ ಸಾಲಿನಲ್ಲಿ ಫ್ಲೋರಾ ಮಿಸ್ ನನ್ನ ಪಕ್ಕಕ್ಕೆ ಬಂದರು.

"ಅವ್ರು ನಿಮ್ಮ ಅಕ್ಕ ಅಲ್ವಾ?"

ಹೌದು ಎಂದೆ.

"ಚೆನ್ನಾಗಿ ಮಾತಾಡಿದ್ರಿ ಮುನಿರಾಜು." ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು, "ಅವತ್ತು ನಾನೇ ಅವ್ರನ್ನ ಕನ್ನಡದಲ್ಲಿ ಕೇಳ್ಬಹುದಿತ್ತು. ಆಫೀಸಿನಲ್ಲಿ ಲೋಕಲ್ ಭಾಷೆ ಆಡ್ಬಾರ್ದು ಅಂತ ರೂಲ್ ಇತ್ತು. ನಂಗೆ ಕೆಲ್ಸ ಹೋಗುತ್ತೆ ಅಂತ ಭಯ. ನೀವು?" ಎಂದರು.

ಅಕ್ಕ ಎರಡು ಎಲೆ ಕೇಸರಿಬಾತು ಹಿಡಿದು, ಸೆರಗಿಗೆ ಜೋತುಬಿದ್ದ ಮಗಳ ಜೊತೆ ನಮ್ಮ ಕಡೆಗೇ ಬರುತ್ತಿದ್ದಳು. ಒಂದನ್ನು ನನಗೆ ಕೊಟ್ಟು, ಫ್ಲೋರಾ ಮಿಸ್ಸನ್ನು ಗುರುತಿಸಿ, "ಮೇಡಂ, ಚೆನ್ನಾಗಿದ್ದೀರಾ? ಅವತ್ತು ನಾನು ಇಂಗ್ಲೀಷ್ ಮಾತಾಡಿದ್ದಕ್ಕೆ ನಗ್ದೆ ಇದ್ದೋರು ನೀವೊಬ್ರೇ," ಎಂದಳು. ಫ್ಲೋರಾ ಮಿಸ್ ಅವಳ ಮಗುವಿನ ಕೆನ್ನೆ ಮುಟ್ಟಿ, ತಿರುಗಿ ಹೋದರು. ನನ್ನ ಕೈಯಲ್ಲಿದ್ದ ಎಲೆಯಿಂದ ತುಪ್ಪ ಮಣಿಕಟ್ಟಿನವರೆಗೆ ಇಳಿಯಿತು.

ಅಕ್ಕ ಮಗಳನ್ನು ಇಂಗ್ಲಿಷ್ ಶಾಲೆಗೇ ಹಾಕಿದಳು. ಕನ್ನಡ ಬೇಡವೇ ಬೇಡ ಎಂದು ಹಟ ಹಿಡಿದಳು. ತನ್ನ ಗತಿ ಮಗಳಿಗೆ ಬರಬಾರದು ಎಂದು ನನ್ನ ಮುಂದೆಯೇ ಹೇಳಿದಳು. ಆ ಹುಡುಗಿ ಚೆನ್ನಾಗಿ ಓದಿ ದೊಡ್ಡ ಕೆಲಸದಲ್ಲಿದ್ದಾಳೆ. ತನ್ನ ತಾಯಿ ಬರೆದ ಒಂದು ಸಾಲನ್ನೂ ಓದಲು ಅವಳಿಗೆ ಬರುವುದಿಲ್ಲ. ಕನ್ನಡದಲ್ಲಿ ಯಾವ ಕಾಗದ ಬಂದರೂ ಅಕ್ಕನಿಗೆ ತಂದುಕೊಡುತ್ತಾಳೆ, ಅಕ್ಕ ಓದಿ ಹೇಳುತ್ತಾಳೆ. ಒಂದು ಮಾತನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ.

ಅವತ್ತು ಆ ಶೆಡ್ಡಿನಲ್ಲಿದ್ದವರು ಐವರು. ಸಾಹೇಬರಿಬ್ಬರೂ ತೀರಿಕೊಂಡರು. ಅಪ್ಪ, ಅವ್ವ ಏನೂ ತಿಳಿಯದೆ ಹೋದರು. ಫ್ಲೋರಾ ಮಿಸ್ ವೈಟ್‌ಫೀಲ್ಡಿನ ಅದೇ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆ, ನೆನಪು ಮಂದವಾಗಿಲ್ಲ. ನಾನು ಬರೆದದ್ದರಲ್ಲಿ ಅನುಮಾನವಿದ್ದವರು ಅವರನ್ನು ಕೇಳಬಹುದು. ಇನ್ನೊಬ್ಬಳು ಸರೋಜಕ್ಕ, ಬೊಮ್ಮನಹಳ್ಳಿಯಲ್ಲಿದ್ದಾಳೆ. ಎಲ್ಲವನ್ನೂ ಕಣ್ಣಾರೆ ಕಂಡವಳು, ಕಿವಿಯಾರೆ ಕೇಳಿದವಳು. ಏನು ನಡೆಯಿತೆಂದು ಇನ್ನೂ ತಿಳಿಯದವಳು ಅವಳೊಬ್ಬಳೇ. ಅವಳೆದುರು ಕುಳಿತು ಹೇಳಲು ನಾಲ್ಕು ಸಲ ಹೋಗಿ, ಊಟ ಮಾಡಿ ಎದ್ದು ಬಂದಿದ್ದೇನೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಇದನ್ನು ಅವಳಿಗೆ ಯಾರೂ ಓದಿ ಹೇಳಬೇಕಾಗಿಲ್ಲ.